ಗಡಿಯಲ್ಲಿ ಲಾರಿ ನಿಂತರೆ ಕೊಟ್ಟಿಗೆಯಲ್ಲಿ ಏನಾಗುತ್ತದೆ?



“ಹಸು ಹಾಲು ಕಡಿಮೆ ಮಾಡಿಲ್ಲ ಡಾಕ್ಟ್ರೇ, ಬಟವಾಡೆಯಲ್ಲಿ ಉಳಿಯೋದು ಮಾತ್ರ ಕಡಿಮೆ” ಎಂದು ಶಿಬಿರಗಳಲ್ಲಿ ನೀವು ಹೇಳುತ್ತಿರುತ್ತೀರಿ. ಎಲ್ಲ ಕಾಯಿಲೆಯ ಮೂಲ ನಮ್ಮ ಕೊಟ್ಟಿಗೆಯಲ್ಲೇ ಇರುವುದಿಲ್ಲ. ನೇಪಾಳವನ್ನೇ ನೋಡಿ.

ಆ ದೇಶದ ವಿದೇಶ ವ್ಯಾಪಾರದಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮೊಂದಿಗೇ ನಡೆಯುತ್ತದೆ. ಡೀಸೆಲ್, ಅಡುಗೆ ಅನಿಲ ಹೋಗುವುದೂ ಇಲ್ಲಿಂದಲೇ. ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ ಎಂದು 1993ರಿಂದ ದರ ಕಟ್ಟಿಹಾಕಿದ್ದಾರೆ. ಡಾಲರ್ ಎದುರು ನಮ್ಮ ರೂಪಾಯಿ ಇಳಿದರೆ ಅವರದೂ ಇಳಿಯುತ್ತದೆ. ಇಲ್ಲಿ ಕೆಲಸ ನಿಂತರೆ, ಇಲ್ಲಿ ದುಡಿಯುವ ನೇಪಾಳಿಗಳು ಊರಿಗೆ ಕಳಿಸುವ ಹಣವೂ ನಿಲ್ಲುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ, ದೊಡ್ಡದು ಎಳೆದತ್ತ ಚಿಕ್ಕದು ಹೋಗಬೇಕು.

2015ರ ಏಪ್ರಿಲ್‌ನಲ್ಲಿ ಅಲ್ಲಿ ಭೂಕಂಪವಾಯಿತು. ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನದ ವಿರುದ್ಧ ತರಾಯಿಯಲ್ಲಿ ಪ್ರತಿಭಟನೆ ಎದ್ದು, ಗಡಿಯಲ್ಲಿ ಲಾರಿಗಳು ನಿಂತವು. ತಡೆದದ್ದು ಭಾರತ ಎಂದು ನೇಪಾಳ, ನಾವಲ್ಲ ಎಂದು ಭಾರತ. ಆ ವಾದ ಇಲ್ಲಿ ಬೇಡ. ನಾಲ್ಕು ತಿಂಗಳಿಗೂ ಮೀರಿ ಇಂಧನಕ್ಕೆ ಪರದಾಟ. ಗ್ಯಾಸ್ ಸಿಲಿಂಡರನ್ನು ಅರ್ಧ ತುಂಬಿಸಿ ಹಂಚಿದರು. ಆ ಆರ್ಥಿಕ ವರ್ಷ ದೇಶದ ಬೆಳವಣಿಗೆ ಶೇ. 1 ಕೂಡ ಮುಟ್ಟಲಿಲ್ಲ. ಮರುವರ್ಷ ಜಿಗಿದೆದ್ದಿತು.

ಜಗಳವೇ ಆಗಬೇಕೆಂದೇನಿಲ್ಲ. ಪಶು ಆಹಾರದ ಬೆಲೆ ಏರಿತೆಂದು 2023ರ ಜುಲೈನಲ್ಲಿ ನಮ್ಮ ಕೇಂದ್ರ ಸರ್ಕಾರ ಎಣ್ಣೆ ತೆಗೆದ ಅಕ್ಕಿ ತೌಡಿನ ರಫ್ತು ನಿಷೇಧಿಸಿತು. ನಿಮ್ಮ ಹಿಂಡಿ ಚೀಲಕ್ಕಾಗಿ ಮಾಡಿದ್ದು; ಆದರೆ ಅದೇ ತೌಡು ಕೊಳ್ಳುತ್ತಿದ್ದ ಬಾಂಗ್ಲಾದೇಶದವರು ಬೇರೆ ದಾರಿ ಹುಡುಕಬೇಕಾಯಿತು.

ಲೆಕ್ಕದ ಪುಸ್ತಕ ಒಂದೇ ವರ್ಷದಲ್ಲಿ ಚೇತರಿಸಿಕೊಳ್ಳಬಹುದು. ಹಸು ಹಾಗಲ್ಲ. ಡೀಸೆಲ್ ಇಲ್ಲದೆ ಹಾಲಿನ ಗಾಡಿ ಬಾರದಿದ್ದರೂ ಎರಡು ಹೊತ್ತು ಕರೆಯಲೇಬೇಕು, ಇಲ್ಲವಾದರೆ ಕೆಚ್ಚಲು ಬಾವು. ಕೈ ಬಿಗಿಯಾದಾಗ ನಮ್ಮ ರೈತರು ಮೊದಲು ಬಿಡುವುದು ಖನಿಜ ಮಿಶ್ರಣ, ಆಮೇಲೆ ಮಾರುವುದು ಕಡಸು. ಖನಿಜ ಕೊರತೆಯಾದ ಹಸು ಬೆದೆಗೆ ಬರುವುದು ತಡ. ಮೂರ್ನಾಲ್ಕು ಬಾರಿ ಸೂಜಿ ಹಾಕಿಸಿದರೂ ಗಬ್ಬ ನಿಲ್ಲದೆ ನನ್ನನ್ನು ಬೈಯುವುದು ಆಗಲೇ! ಮಾರಿದ ಕಡಸಿನ ಬದಲಿಗೆ ಇಂದು ಹುಟ್ಟಿದ ಕರು ಹಾಲು ಕೊಡಲು ಎರಡೂವರೆ, ಮೂರು ವರ್ಷ ಬೇಕು. ಅಷ್ಟರಲ್ಲಿ ಪೇಟೆ ಚೇತರಿಸಿ, ಹಾಲು ಕೇಳುವವರು ಬಂದಿರುತ್ತಾರೆ, ಕೊಟ್ಟಿಗೆ ಖಾಲಿ.

ಹಿಂಡಿ ದರ ಏರಿದ ತಿಂಗಳು ಹಸಿರು ಮೇವು ಹೆಚ್ಚಿಸಿ, ಹಿಂಡಿಯಲ್ಲಿ ಹೊಂದಿಸಿಕೊಳ್ಳಿ. ಕರೆಯುವ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಮಾತ್ರ ನಿಲ್ಲಿಸಬೇಡಿ. ಕಡಸು ಮಾರಲೇಬೇಕೆಂದರೆ, ಸಂತೆಗೆ ಹೊಡೆಯುವ ಮೊದಲು ಗಬ್ಬ ಪರೀಕ್ಷೆ ಮಾಡಿಸಿ. ಗಬ್ಬದ ಕಡಸನ್ನು ಬರಡೆಂದು ಕೊಟ್ಟು ಬಂದವರನ್ನು ನೋಡಿದ್ದೇನೆ.