ಉತ್ತರದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ: ಹೊರಡುವ ಮುನ್ನ

“ಕನ್ನಡದಲ್ಲಿ ಪಿಎಚ್.ಡಿ. ಮಾಡಲು ದೆಹಲಿಗೇಕೆ ಹೋಗಬೇಕು, ಸರ್?” ಎಂದು ವಿದ್ಯಾರ್ಥಿನಿಯೊಬ್ಬಳು ಈಚೆಗೆ ಕೇಳಿದಳು. ಪ್ರಶ್ನೆ ನ್ಯಾಯವಾದುದೇ. ಕಲ್ಪೆಟ್ಟಕ್ಕೆ ಮೈಸೂರು ಸಮೀಪ; ಕಾಸರಗೋಡಿನ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೂ ಕನ್ನಡ ವಿಭಾಗವಿದೆ. ಕನ್ನಡವೊಂದನ್ನೇ ಕುರಿತ ಅಧ್ಯಯನಕ್ಕೆ ಅಷ್ಟು ದೂರದ ಪಯಣ ಅಗತ್ಯವಲ್ಲ. ಕನ್ನಡವನ್ನು ಇತರ ಭಾರತೀಯ ಭಾಷೆಗಳ ಜೊತೆಗಿಟ್ಟು ನೋಡಬಯಸುವವರಿಗೆ ಮಾತ್ರ ಅದು ಸಾರ್ಥಕ.

ದೆಹಲಿ ವಿಶ್ವವಿದ್ಯಾಲಯದ ಆಧುನಿಕ ಭಾರತೀಯ ಭಾಷೆಗಳ ವಿಭಾಗದಲ್ಲಿ ಕನ್ನಡವು ಮಲಯಾಳ, ಮರಾಠಿ, ಬಂಗಾಳಿ ಮೊದಲಾದವುಗಳ ನೆರೆಯಲ್ಲಿದೆ. ತೌಲನಿಕ ಅಧ್ಯಯನವೇ ಅಲ್ಲಿನ ಒಲವು. ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಕರ್ನಾಟಕ ಸರ್ಕಾರದ ನೆರವಿನಿಂದ 2015ರಲ್ಲಿ ಕನ್ನಡ ಪೀಠ ಆರಂಭವಾಯಿತು. ಪುರುಷೋತ್ತಮ ಬಿಳಿಮಲೆಯವರು ಅದರ ಮೊದಲ ಪ್ರಾಧ್ಯಾಪಕರು.

ಪ್ರವೇಶದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳಿರಬೇಕು, ಮೀಸಲಾತಿಗೆ ಅರ್ಹರಾದವರಿಗೆ ಶೇ. 5ರ ರಿಯಾಯಿತಿಯುಂಟು. ಯುಜಿಸಿಯ 2022ರ ನಿಯಮಾವಳಿಯಂತೆ ನಾಲ್ಕು ವರ್ಷಗಳ ಪದವಿಯಲ್ಲಿ ಶೇ. 75 ಅಂಕ ಗಳಿಸಿದವರೂ ಅರ್ಹರು. ಕೇರಳದಲ್ಲಿ 2024ರಿಂದ ಇಂಥ ಪದವಿ ಆರಂಭವಾಗಿರುವುದರಿಂದ ನಮ್ಮ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ನೆಟ್ ಪರೀಕ್ಷೆಯ ಅಂಕಗಳು 2024ರಿಂದ ಪಿಎಚ್.ಡಿ. ಪ್ರವೇಶಕ್ಕೂ ಬಳಕೆಯಾಗುತ್ತಿವೆ. ಜೆಆರ್‌ಎಫ್ ದೊರೆಯದೆ ಪ್ರವೇಶಾರ್ಹತೆ ಮಾತ್ರ ಪಡೆದವರಿಗೆ ನೆಟ್ ಅಂಕಗಳಿಗೆ ಶೇ. 70, ಸಂದರ್ಶನಕ್ಕೆ ಶೇ. 30ರ ತೂಕ, ಆ ಅಂಕಗಳ ಮಾನ್ಯತೆ ಒಂದು ವರ್ಷ. ಜೆಆರ್‌ಎಫ್ ದೊರೆತರೆ ತಿಂಗಳಿಗೆ 37,000 ರೂಪಾಯಿ ವೇತನವಿರುವುದರಿಂದ ಮನೆಯವರಿಗೆ ಹೊರೆಯಾಗದೆ ಓದಬಹುದು.

ಅನೇಕರು ಎಡವುವುದು ಇದರ ನಂತರ. ಸಂಶೋಧನೆಯ ಸ್ಥಾನಗಳು ಮಾರ್ಗದರ್ಶಕರ ಲಭ್ಯತೆಯನ್ನು ಅವಲಂಬಿಸಿವೆ. ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ ಎಂಟು ಮಂದಿಗೆ, ಸಹ ಪ್ರಾಧ್ಯಾಪಕರು ಆರು ಮಂದಿಗೆ, ಸಹಾಯಕ ಪ್ರಾಧ್ಯಾಪಕರು ನಾಲ್ವರಿಗೆ ಮಾತ್ರ ಮಾರ್ಗದರ್ಶನ ನೀಡಬಹುದು. ಆದ್ದರಿಂದ ಪ್ರಕಟಣೆ ಹೊರಡುವ ಮೊದಲೇ ಅಧ್ಯಾಪಕರ ಬರಹಗಳನ್ನು ಓದಿರಿ. ನಿಮ್ಮ ಪ್ರಶ್ನೆ ಅವರ ಆಸಕ್ತಿಗೆ ಹೊಂದುವುದೇ ನೋಡಿರಿ. ಒಂದು ಪುಟದ ಪ್ರಸ್ತಾವದೊಡನೆ ವಿನಯದಿಂದ ಪತ್ರ ಬರೆಯಿರಿ. “ಯಾವುದಾದರೂ ವಿಷಯ ಕೊಡಿ” ಎಂದು ಮಾತ್ರ ಬರೆಯಬೇಡಿರಿ.

ವಿಷಯ ಎಲ್ಲಿಂದ ಬರಬೇಕು? ನಾನು ಶಾಲೆಯಲ್ಲಿ ಮರಾಠಿ, ಕನ್ನಡಗಳೆರಡನ್ನೂ ಕಲಿತವನು. ಎರಡು ಭಾಷೆಗಳ ನಡುವೆ ಬೆಳೆದುದನ್ನು ಬಹುಕಾಲ ಕೊರತೆಯೆಂದೇ ಭಾವಿಸಿದ್ದೆ. ಶಂಬಾ ಜೋಶಿಯವರು ಮರಾಠಿ ಸಂಸ್ಕೃತಿಯ ಕನ್ನಡ ಬೇರುಗಳನ್ನು ಮರಾಠಿಯಲ್ಲೇ ಚರ್ಚಿಸಿದರು, ರಾ. ಚಿಂ. ಢೇರೆಯವರು ಪಂಢರಪುರದ ವಿಠ್ಠಲನನ್ನು ಅರಿಯಲು ಕನ್ನಡದ ಆಧಾರಗಳತ್ತ ತಿರುಗಿದರು. ಇವರನ್ನು ಓದಿದಾಗ, ನಾನು ಕೊರತೆಯೆಂದುಕೊಂಡದ್ದೇ ಬಂಡವಾಳವೆಂದು ತಿಳಿಯಿತು. ಅಷ್ಟರಲ್ಲಿ ನನ್ನ ಪ್ರಬಂಧದ ವಿಷಯ ನೋಂದಣಿಯಾಗಿಬಿಟ್ಟಿತ್ತು.

ನಿಮಗೆ ಅಷ್ಟು ತಡವಾಗಬಾರದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವವರು ನೀವು. ವಯನಾಡಿನಲ್ಲಿ ಹುಟ್ಟುವ ಕಬಿನಿ ಹೆಗ್ಗಡದೇವನಕೋಟೆಗೆ ಹರಿಯುತ್ತದೆ. ಇತ್ತ ಕಾಟ್ಟುನಾಯ್ಕರು, ಅತ್ತ ಜೇನುಕುರುಬರು. ಕನ್ನಡಕ್ಕೆ ಹತ್ತಿರವಾದ ಅವರ ನುಡಿಗಳು ಗಡಿಯ ಎರಡು ಬದಿಗಳಲ್ಲಿ ಹೇಗೆ ಬೇರೆಯಾಗಿವೆ? ಪುಳಿಯಾರ್‌ಮಲೆಯ ಜೈನರ ಮನೆಗಳಲ್ಲಿ ಕನ್ನಡದ ನೆನಪು ಎಷ್ಟು ಉಳಿದಿದೆ? ಇಂಥ ಪ್ರಶ್ನೆಯನ್ನು ಹತ್ತು ನಿಮಿಷ ಇಂಗ್ಲಿಷಿನಲ್ಲಿಯೂ ವಿವರಿಸಲು ಅಭ್ಯಾಸ ಮಾಡಿಕೊಂಡರೆ ಸಂದರ್ಶನಕ್ಕೆ ಅಂಜಬೇಕಾಗಿಲ್ಲ.

ಆ ವಿದ್ಯಾರ್ಥಿನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಮೊದಲು ಪ್ರಶ್ನೆಯನ್ನು ಕಂಡುಕೊಳ್ಳಮ್ಮ; ಯಾವ ಊರಿಗೆ ಹೋಗಬೇಕೆಂಬುದನ್ನು ಅದೇ ಹೇಳುತ್ತದೆ.