ಗೇರ್ ಬೀಳದ ಕಾರು

ಎಂಜಿನ್ ನಡೆಯುತ್ತಿದ್ದು, ಎಡಗಾಲು ಕ್ಲಚ್ ಪೆಡಲನ್ನು ತಳಮುಟ್ಟ ಒತ್ತಿದ್ದರೂ, ಗೇರಿನ ಕೋಲು ಮೊದಲನೆಯ ಸ್ಥಾನಕ್ಕೆ ಹೋಗಲೊಲ್ಲದೆ ನಡುದಾರಿಯಲ್ಲಿ ತಡೆದು ನಿಂತಾಗ, ಚಾಲಕನ ಕೈ ತಾನಾಗಿಯೇ ಬಲಪ್ರಯೋಗಕ್ಕೆ ತೊಡಗುವುದೂ, ಗೇರ್ ಬಾಕ್ಸನ್ನು ಇಳಿಸಬೇಕೆಂಬ ತೀರ್ಪು ಪರೀಕ್ಷೆಗೆ ಮುಂಚೆಯೇ ಗ್ಯಾರೇಜಿನಲ್ಲಿ ಹೊರಬೀಳುವುದೂ ಉಂಟು. ಎರಡೂ ಅನುಚಿತ. ಗೇರ್ ಬೀಳದಿರುವ ಸಂದರ್ಭಗಳಲ್ಲಿ ಅನೇಕವು ಆ ಪೆಟ್ಟಿಗೆ ತನ್ನ ಹಲ್ಲುಗಳನ್ನು ಕಾಪಾಡಿಕೊಳ್ಳಲೆಂದು ಮಾಡುವ ನಿರಾಕರಣೆಗಳೇ ಆಗಿದ್ದು, ದೋಷದ ಮೂಲ ಪೆಟ್ಟಿಗೆಯ ಹೊರಗೆಲ್ಲೋ ಇರುತ್ತದೆ.

ಈ ನಿರಾಕರಣೆಯ ಮರ್ಮವನ್ನು ತಿಳಿಯಬೇಕಾದರೆ ಒಳಗಿನ ರಚನೆಯನ್ನು ಸ್ವಲ್ಪ ನೋಡಬೇಕು. ಆದಿಕಾಲದ ಮೋಟಾರುಗಳಲ್ಲಿ ಗೇರ್ ಬದಲಿಸುವುದೆಂದರೆ ತಿರುಗುತ್ತಿರುವ ಒಂದು ಹಲ್ಲುಚಕ್ರವನ್ನು ದಂಡದ ಮೇಲೆ ಜಾರಿಸಿ, ತಿರುಗುತ್ತಿರುವ ಇನ್ನೊಂದರ ಹಲ್ಲುಗಳ ನಡುವೆ ನುಗ್ಗಿಸುವುದೇ ಆಗಿತ್ತು. ವೇಗಗಳು ಹೊಂದದಿದ್ದರೆ ಉಕ್ಕು ಉಕ್ಕನ್ನು ಕಡಿಯುತ್ತಿತ್ತು. ಇಂದಿನ ಗೇರ್ ಬಾಕ್ಸಿನಲ್ಲಿಯಾದರೋ ಮುಂಚಲನೆಯ ಚಕ್ರಗಳೆಲ್ಲವೂ ಸದಾ ಜೋಡಿಜೋಡಿಯಾಗಿ ಕೂಡಿಕೊಂಡೇ ತಿರುಗುತ್ತಿರುತ್ತವೆ; ಪ್ರತಿ ಜೋಡಿಯಲ್ಲಿಯೂ ಒಂದು ಚಕ್ರ ತನ್ನ ದಂಡಕ್ಕೆ ಅಂಟದೆ ಸ್ವತಂತ್ರವಾಗಿರುವುದರಿಂದ, ನಾವು ಗೇರ್ ಹಾಕಿದಾಗ ನಡೆಯುವುದು ಇಷ್ಟೆ: ದಂಡದೊಡನೆ ತಿರುಗುವ ಒಂದು ಬಳೆ ಪಕ್ಕಕ್ಕೆ ಸರಿದು ಆ ಚಕ್ರವನ್ನು ದಂಡಕ್ಕೆ ಬಂಧಿಸುತ್ತದೆ. ಓಡುತ್ತಿರುವ ಬಸ್ಸನ್ನು ಹತ್ತುವವನು ಕ್ಷಣಕಾಲ ಅದರ ಜೊತೆಜೊತೆಗೆ ಓಡಬೇಕಾಗುವಂತೆ, ಈ ಬಂಧನಕ್ಕೆ ಮೊದಲು ಬಳೆ ಮತ್ತು ಚಕ್ರಗಳ ವೇಗ ಒಂದಾಗಬೇಕು. ಅದನ್ನು ಒಂದಾಗಿಸುವ ಸಿಂಕ್ರೋಮೆಶ್ ಎಂಬ ಯುಕ್ತಿ ಅಮೆರಿಕದ ಅರ್ಲ್ ಥಾಂಪ್ಸನ್ ಎಂಬಾತನ ಶೋಧ. 1928ರಲ್ಲಿ ಅದು ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು.

ಬಳಿಕ ಪರಿಷ್ಕಾರಗೊಂಡು ಇಂದು ರೂಢಿಯಲ್ಲಿರುವ ರೂಪದಲ್ಲಿ, ಬಳೆಗೂ ಚಕ್ರಕ್ಕೂ ನಡುವೆ ಶಂಕುವಿನಾಕಾರದ ಒಳಮೈಯುಳ್ಳ ಹಿತ್ತಾಳೆಯ ಒಂದು ಉಂಗುರ ಇರುತ್ತದೆ. ಅದು ಚಕ್ರಕ್ಕೆ ಉಜ್ಜಿ ವೇಗವನ್ನು ಸಮಗೊಳಿಸುವುದಲ್ಲದೆ, ವೇಗ ಸಮವಾಗುವವರೆಗೂ ಆ ಘರ್ಷಣೆಯಿಂದಲೇ ತುಸು ಪಕ್ಕಕ್ಕೆ ತಿರುಗಿ ನಿಂತು, ತನ್ನ ಹಲ್ಲುಗಳನ್ನು ಬಳೆಯ ದಾರಿಗೆ ಅಡ್ಡವಾಗಿಡುತ್ತದೆ. ಸಮವಾದ ಒಡನೆಯೇ ಘರ್ಷಣೆ ಇಲ್ಲವಾಗಿ, ಉಂಗುರ ಸಡಿಲಿ, ಬಳೆ ಮುಂದೆ ಸಾಗುತ್ತದೆ. ಯಂತ್ರಶಿಲ್ಪದಲ್ಲಿ ಇಷ್ಟು ಅಲ್ಪ ಸಾಮಗ್ರಿಯಿಂದ ಇಷ್ಟು ಯುಕ್ತಾಯುಕ್ತ ವಿವೇಚನೆಯನ್ನು ಸಾಧಿಸಿರುವ ಉದಾಹರಣೆಗಳು ವಿರಳವೆಂದು ನನ್ನ ಭಾವನೆ. ಆದರೆ ಈ ಉಂಗುರದ ಶಕ್ತಿ ಪರಿಮಿತವಾದದ್ದು. ಕ್ಲಚ್ ಪೂರ್ಣವಾಗಿ ಬಿಟ್ಟುಕೊಂಡಿದ್ದರೆ ಮಾತ್ರ ಅದು ಗೆಲ್ಲುತ್ತದೆ. ಕ್ಲಚ್ ಪ್ಲೇಟ್ ಎಂಜಿನ್ನಿನ ಫ್ಲೈವೀಲಿಗೆ ಕಿಂಚಿತ್ತು ತಗುಲಿಕೊಂಡಿದ್ದರೂ ಎಂಜಿನ್ನು ತನ್ನ ಕಡೆಯ ದಂಡವನ್ನು ತಿರುಗಿಸುತ್ತಲೇ ಇದ್ದು, ವೇಗ ಎಂದಿಗೂ ಸಮವಾಗದೆ, ಉಂಗುರ ಅಡ್ಡನಿಂತೇ ಇರುತ್ತದೆ. ಪೆಡಲು ಒತ್ತಿದಾಗ, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿಯುವ ಪ್ರೆಷರ್ ಪ್ಲೇಟ್ ಹಿಂದೆ ಸರಿಯುವುದು ಕೇವಲ ಒಂದೆರಡು ಮಿಲಿಮೀಟರಿನಷ್ಟು. ಆದುದರಿಂದ ಪೆಡಲಿನಿಂದ ಅಲ್ಲಿಯವರೆಗಿನ ಸರಪಣಿಯಲ್ಲಿ ಎಲ್ಲಿಯೇ ಆಗಲಿ ಅಲ್ಪ ಸಡಿಲವುಂಟಾದರೂ ಗೇರ್ ಬೀಳದು.

ಹೀಗಿರುವಲ್ಲಿ ಮೊದಲ ಪರೀಕ್ಷೆ ಬಹು ಸುಲಭ. ಕಾರನ್ನು ಸಮತಟ್ಟಾದ ನೆಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಗೇರುಗಳನ್ನು ಒಂದೊಂದಾಗಿ ಹಾಕಿ ನೋಡಬೇಕು. ನಿಂತ ಎಂಜಿನ್ನಿನಲ್ಲಿ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಚಾಲೂ ಆದಾಗ ಮಾತ್ರ ಬೀಳದಿದ್ದರೆ, ಅಪರಾಧಿ ಕ್ಲಚ್ಚೇ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಸಂಶಯವುಳಿದರೆ ಎಂಜಿನ್ ನಡೆಯುತ್ತಿರಲು ಪೆಡಲನ್ನು ಒತ್ತಿ ಹಿಡಿದು, ಕೆಲವು ಸೆಕೆಂಡು ತಾಳಿ, ರಿವರ್ಸ್ ಹಾಕಬೇಕು: ಅನೇಕ ಕಾರುಗಳಲ್ಲಿ ರಿವರ್ಸಿಗೆ ಈ ಕಾವಲು ಉಂಗುರ ಇಲ್ಲದ ಕಾರಣ, ಅಷ್ಟು ಕಾದ ಮೇಲೂ ಹಲ್ಲು ಕರಕರನೆ ಕಡಿದರೆ ಕ್ಲಚ್ ಬಿಡುತ್ತಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೇಬಲಿನ ಕ್ಲಚ್ಚಾದರೆ ಅದು ಹಿಗ್ಗಿದೆಯೇ, ಎಳೆ ಕಿತ್ತುಬಂದಿದೆಯೇ ಎಂದು ನೋಡಿ, ಪೆಡಲಿನ ಪ್ಲೇಯನ್ನು ತಯಾರಕರ ಕೈಪಿಡಿ ಹೇಳುವ ಅಳತೆಗೆ ತಂದರೆ ಹಲವು ಬಾರಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ಆಯಿಲಿನಿಂದ ನಡೆಯುವ ಕ್ಲಚ್ಚಿನಲ್ಲಿ ಡಬ್ಬಿಯ ಮಟ್ಟವನ್ನೂ, ಮಾಸ್ಟರ್ ಸಿಲಿಂಡರ್ ಮತ್ತು ಸ್ಲೇವ್ ಸಿಲಿಂಡರುಗಳ ಬಳಿಯ ತೇವವನ್ನೂ ಪರೀಕ್ಷಿಸಬೇಕು. ಪೆಡಲನ್ನು ಎರಡು ಮೂರು ಸಲ ತುಳಿದ ಮೇಲೆ ಗೇರ್ ಬೀಳುತ್ತದೆಯೆಂದರೆ ನಾಳದಲ್ಲಿ ಗಾಳಿ ಸೇರಿರಬಹುದು, ಇಲ್ಲವೆ ಸಿಲಿಂಡರಿನ ರಬ್ಬರು ಸವೆದಿರಬಹುದು. ಏರ್ ತೆಗೆದರೆ ಮೊದಲನೆಯದು ವಾಸಿಯಾಗುತ್ತದೆ, ಎರಡನೆಯದಕ್ಕೆ ಹೊಸ ರಬ್ಬರೇ ಬೇಕು. ಇಲ್ಲಿ ತುಂಬಬೇಕಾದದ್ದು ಬ್ರೇಕ್ ಆಯಿಲ್. ಅವಸರದಲ್ಲಿ ಎಂಜಿನ್ ಆಯಿಲ್ ಸುರಿದರೆ ರಬ್ಬರುಗಳು ಉಬ್ಬಿ, ಇಡೀ ವ್ಯವಸ್ಥೆಯೇ ಕೆಡುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲವಿಡೀ ಕದಲದೆ ನಿಂತ ಕಾರುಗಳಿಗೆ ಇನ್ನೊಂದು ವ್ಯಾಧಿಯುಂಟು: ತೇವದಿಂದ ತುಕ್ಕು ಹುಟ್ಟಿ, ಕ್ಲಚ್ ಪ್ಲೇಟ್ ಫ್ಲೈವೀಲಿಗೇ ಕಚ್ಚಿಕೊಂಡುಬಿಡುತ್ತದೆ.

ಎಂಜಿನ್ ನಿಂತಿರುವಾಗಲೂ ಗೇರ್ ಬೀಳದಿದ್ದರೆ ದೃಷ್ಟಿ ಬೇರೆಡೆ ಹರಿಯಬೇಕು. ಒಬ್ಬರು ಒಳಗೆ ಕುಳಿತು ಕೋಲನ್ನಾಡಿಸುತ್ತಿರಲು, ಮತ್ತೊಬ್ಬರು ಗೇರ್ ಬಾಕ್ಸಿನ ಮೇಲಿನ ತೋಳು ಪೂರ್ತಿ ಚಲಿಸುತ್ತಿದೆಯೇ ಎಂದು ಹೊರಗಿನಿಂದ ನೋಡಿದರೆ, ಗೇರ್ ಕೇಬಲ್ ಜಾರಿರುವುದೂ ಕೊಂಡಿಯ ಬುಷ್ ಸವೆದಿರುವುದೂ ಗೊತ್ತಾಗುತ್ತದೆ. ಸ್ಟೀರಿಂಗಿನ ಪಕ್ಕದಲ್ಲಿ ಗೇರ್ ಇದ್ದ ಅಂಬಾಸಿಡರುಗಳನ್ನು ನಡೆಸಿದವರಿಗೆ ಈ ಬುಷ್ಷುಗಳ ಪ್ರಾಮುಖ್ಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹೊರಗಿನದೆಲ್ಲ ನೆಟ್ಟಗಿದ್ದು, ಒಂದೇ ಒಂದು ಗೇರ್ ಮಾತ್ರ ಹಟ ಹಿಡಿದರೆ, ಹಿತ್ತಾಳೆಯ ಉಂಗುರವೋ ಬಳೆಯನ್ನು ತಳ್ಳುವ ಫೋರ್ಕೋ ಸವೆದಿರುವ ಸಂಭವವಿದೆ. ಆಗ ಪೆಟ್ಟಿಗೆಯನ್ನು ಬಿಚ್ಚದೆ ಗತ್ಯಂತರವಿಲ್ಲ.

ಊರಿಂದ ದೂರದಲ್ಲಿ ಕ್ಲಚ್ ಕೇಬಲ್ ತುಂಡಾದರೂ ಗ್ಯಾರೇಜು ಮುಟ್ಟಬಹುದು. ಮುಂದೆ ದಾರಿ ತೆರವಾಗಿರುವಾಗ, ಆರಿದ ಎಂಜಿನ್ನಿನಲ್ಲೇ ಮೊದಲ ಗೇರ್ ಹಾಕಿ ಸ್ಟಾರ್ಟರ್ ತಿರುಗಿಸಿದರೆ ಕಾರು ಕುಲುಕುತ್ತ ಹೊರಡುತ್ತದೆ. ಅದೇ ಗೇರಿನಲ್ಲಿ ಮೆಲ್ಲಗೆ ಸಾಗಿ, ನಿಲ್ಲಬೇಕಾದಲ್ಲಿ ಎಂಜಿನ್ನನ್ನು ಆರಿಸಿ ಬ್ರೇಕ್ ಹಾಕಬೇಕು. ಕ್ಲಚ್ ಒತ್ತದೆ ಚಾಲೂ ಆಗದಂಥ ಸ್ವಿಚ್ಚುಳ್ಳ ಹೊಸ ಕಾರುಗಳಲ್ಲಿಯೂ, ಕೇಬಲ್ ಕಡಿದ ಪೆಡಲನ್ನು ಕೆಳಗೆ ಒತ್ತಿ ಹಿಡಿದರೆ ಸ್ವಿಚ್ಚಿಗೆ ಅಷ್ಟೇ ಸಾಕಾಗುತ್ತದೆ.