ಒಂಟಿ ಹೂವಿನಿಂದ ಗೊಂಚಲಿಗೆ

ತೋಟದ ಅಂಚಿಗೆ ಗುಲಾಬಿ ಕೊಳ್ಳಲು ನರ್ಸರಿಗೆ ಹೋದವರ ಕಣ್ಣು ಮೊದಲು ಬೀಳುವುದು ಹೂವಿನ ಮೇಲೆ. ಬೀಳಬೇಕಾದ್ದು ಗಿಡದ ಮೇಲೆ. ಈ ಅಭ್ಯಾಸಕ್ಕೆ ಗುಲಾಬಿಯ ಇತಿಹಾಸವೇ ಕಾರಣ ಎನ್ನಬೇಕು. 18ನೇ ಶತಮಾನದ ಕೊನೆಯವರೆಗೂ ಯುರೋಪಿನ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಅರಳಿ ಸುಮ್ಮನಾಗುತ್ತಿದ್ದವು. ಆಗ ಚೀನಾದಿಂದ ಬಂದ ತಳಿಗಳಲ್ಲಿ ಹೂಬಿಡುವುದನ್ನು ತಡೆಯುವ ವಂಶವಾಹಿಯೇ ಕೆಟ್ಟಿತ್ತು. ಹಾಗಾಗಿ ಅವು ಚಿಗುರಿದಾಗಲೆಲ್ಲ ಮೊಗ್ಗು ಬಿಡುತ್ತಿದ್ದವು. ಆ ಗುಣ ಯುರೋಪಿನ ಗುಲಾಬಿಗೆ ಬೆರೆತು, 1867ರಲ್ಲಿ ಫ್ರಾನ್ಸಿನ ತಳಿಗಾರ ಗಿಯೋ 'ಲಾ ಫ್ರಾನ್ಸ್' ತಳಿಯನ್ನು ಹೊರತಂದ. ಮೊದಲ ಹೈಬ್ರಿಡ್ ಟೀ ಎಂದು ಹೆಸರಾದದ್ದು ಅದೇ.

ಹೈಬ್ರಿಡ್ ಟೀ ಎಂದರೆ ನೀಳ ಕಾಂಡ, ತುದಿಗೊಂದೇ ದೊಡ್ಡ ಹೂವು: ಪ್ರದರ್ಶನದ ಮೇಜಿಗೆ ಇನ್ನೇನು ಬೇಕು? ತೀರ್ಪುಗಾರರು ನೋಡುತ್ತಿದ್ದುದು ಕತ್ತರಿಸಿ ತಂದ ಹೂವನ್ನೇ ಹೊರತು ಗಿಡದ ಬೋಳು ಬುಡವನ್ನಲ್ಲ. ಬಣ್ಣದ ಆಸೆಗೂ ಬೆಲೆ ತೆರಬೇಕಾಯಿತು. ತಳಿಗಾರ ಪೆರ್ನೆ-ದುಶೆ ಪರ್ಷಿಯಾದ ಹಳದಿ ಗುಲಾಬಿಯನ್ನು ಬೆರೆಸಿ 1900ರಲ್ಲಿ 'ಸೊಲೇ ದೋರ್' ತಂದ. ಆ ಕುಲದ ಜೊತೆಗೆ ಹಳದಿಯೂ ಬಂತು, ಕಪ್ಪು ಚುಕ್ಕೆ ರೋಗಕ್ಕೆ ಸುಲಭವಾಗಿ ತುತ್ತಾಗುವ ಗುಣವೂ ಬಂತು.

ಅಂಚಿಗೆ ತಕ್ಕ ಗಿಡ ಬೆಳೆದದ್ದು ಬೇರೆ ದಾರಿಯಲ್ಲಿ. ಜಪಾನ್ ಕಡೆಯ ಕಾಡುಗುಲಾಬಿಯಿಂದ ಗೊಂಚಲು ಹೂವಿನ ಗಿಡ್ಡ ಪಾಲಿಯಾಂಥಾಗಳು ಹುಟ್ಟಿದ್ದವು. ಡೆನ್ಮಾರ್ಕಿನ ಪೌಲ್ಸನ್ ಮನೆತನದವರು ಚಳಿ ತಾಳುವ ಗಿಡ ಬೇಕೆಂದು ಇವನ್ನು ಹೈಬ್ರಿಡ್ ಟೀಗೆ ಬೆರೆಸಿದರು. 1924ರ 'ಎಲ್ಸ್ ಪೌಲ್ಸನ್' ಅದರ ಫಲ. ಫ್ಲೋರಿಬಂಡಾ ಎಂಬ ವರ್ಗ ಬೆಳೆದದ್ದು ಇಲ್ಲಿಂದ. ಚಳಿಗೆಂದು ಮಾಡಿದ್ದು ನಮಗೇಕೆ ಎಂದು ಕೇಳಬಹುದು. ನಮಗೆ ಬೇಕಾದ್ದು ಅದರ ಚಳಿ ತಾಳಿಕೆಯಲ್ಲ, ಬುಡದಿಂದಲೇ ಕವಲೊಡೆಯುವ ಗುಣ. ಗೋಧಿ ವಿಜ್ಞಾನಿ ಬಿ.ಪಿ. ಪಾಲ್ ದೆಹಲಿಯ ಬಿಸಿಲಿನಲ್ಲಿ 'ದೆಹಲಿ ಪ್ರಿನ್ಸೆಸ್'ನಂಥ ಫ್ಲೋರಿಬಂಡಾಗಳನ್ನು ಬೆಳೆಸಿ ತೋರಿಸಿದ್ದರು.

ಫ್ಲೋರಿಬಂಡಾದಲ್ಲಿ ಪರಿಮಳ ಕಡಿಮೆ ಎಂಬ ಆಕ್ಷೇಪ ಬಹುಮಟ್ಟಿಗೆ ನಿಜ. ಹೂದಾನಿಗೆ ಹೂ ಬೇಕಿದ್ದವರು ಹಿತ್ತಲಲ್ಲಿ ಹೈಬ್ರಿಡ್ ಟೀಗೆ ಬೇರೆ ಪಾತಿ ಮಾಡಿಕೊಳ್ಳಲಿ, ತಪ್ಪಿಲ್ಲ. ಆದರೆ ಹಾದಿಯ ಪಕ್ಕದ ಸಾಲನ್ನು ನೋಡುವುದು ಹತ್ತು ಹೆಜ್ಜೆ ದೂರದಿಂದ. ಅಲ್ಲಿ ಒಂದು ಹೂವಿನ ಅಂದಕ್ಕಿಂತ ಇಡೀ ಸಾಲಿನ ತುಂಬುತನ ದೊಡ್ಡದು. ಆ ತುಂಬುತನಕ್ಕೆ ಒಂದೇ ತಳಿಯ ನಾಲ್ಕೈದು ಗಿಡಗಳನ್ನು ಒಟ್ಟಿಗೆ, ಎರಡಡಿ ಅಂತರದಲ್ಲಿ, ಎರಡು ಸಾಲಾಗಿ, ಎದುರುಬದುರಾಗದಂತೆ ನೆಡಬೇಕು. ಹತ್ತು ತಳಿಗಳನ್ನು ಒಂದೊಂದರಂತೆ ನೆಟ್ಟರೆ ಅದು ನರ್ಸರಿಯ ಮಾದರಿ ಸಾಲಾಗುತ್ತದೆ, ಅಷ್ಟೆ. ಇಂಗ್ಲಿಷ್ ತೋಟಗಾರಿಕೆ ಪುಸ್ತಕಗಳನ್ನು ಓದಿ ಕಸಿಗಂಟನ್ನು ಮಣ್ಣಲ್ಲಿ ಹೂಳುವವರಿದ್ದಾರೆ. ಅದು ಹಿಮ ಬೀಳುವ ನಾಡಿನ ರಕ್ಷಣೋಪಾಯ. ಇಲ್ಲಿ ಗಂಟು ನೆಲದಿಂದ ಎರಡು ಬೆರಳು ಮೇಲಿರಬೇಕು, ಅದರ ಕೆಳಗೆ ಏಳುವ ಕಾಡು ಚಿಗುರನ್ನು ಕಂಡ ಕೂಡಲೇ ಕಿತ್ತುಹಾಕಬೇಕು.